ಸಿಗಡಿ ಬಲೆಗೆ ಸಿಕ್ಕಿದ ಕಡಲ ಹುಲ್ಲು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯವರ ಸಭೆಯಲ್ಲಿ ಮೀನಿನ ಮಾತೇಕೆಂದು ಕೆಲವರು ಕೇಳಿದಿರಿ. ಯಂತ್ರ ಯಾರ ಕೈಯಲ್ಲಿದೆಯೆಂಬುದೇ ಅಲ್ಲಿಯ ಪ್ರಶ್ನೆಯೂ ಆಗಿರುವುದರಿಂದ.

ತಮಿಳುನಾಡಿಗೂ ಶ್ರೀಲಂಕೆಗೂ ನಡುವೆ ಪಾಕ್ ಕೊಲ್ಲಿಯಿದೆ. ಆಳ ಕಡಿಮೆ. ಅದರ ತಳದಲ್ಲಿ ಹುಲ್ಲು ಬೆಳೆಯುತ್ತದೆ. ಪಾಚಿಯಲ್ಲ; ಬೇರೂ ಹೂವೂ ಉಳ್ಳ ಗಿಡ. ಸಿಗಡಿಯ ಮರಿಗಳೂ ಅನೇಕ ಜಾತಿಯ ಮೀನಿನ ಮರಿಗಳೂ ಅದರ ಮರೆಯಲ್ಲಿಯೇ ದೊಡ್ಡವಾಗತಕ್ಕವು. ಕಡಲಹಸುವಿಗಂತೂ ಅದೇ ಮೇವು.

ಅದರ ಮೇಲೆ ಟ್ರಾಲ್ ಬಲೆ ಹೇಗೆ ಓಡುತ್ತದೆ ನೋಡಿ. ಚೀಲದಂಥ ಬಲೆ, ಬಾಯಿ ತೆರೆದಿರಲೆಂದು ಎರಡು ಭಾರವಾದ ಹಲಗೆಗಳು. ಎಂಜಿನ್ನು ಅದನ್ನು ಗಂಟೆಗಟ್ಟಲೆ ಎಳೆಯುತ್ತದೆ. ಸಿಗಡಿ ತಳಕ್ಕಂಟಿ ಬದುಕುವ ಪ್ರಾಣಿ. ಬಲೆಯೂ ತಳವನ್ನು ಕೆರೆದುಕೊಂಡೇ ಹೋಗಬೇಕು. ಹುಲ್ಲು ಬೇರುಸಹಿತ ಕಿತ್ತು ಬರುತ್ತದೆ. ಉಳಿದದ್ದರ ಮೇಲೆ ಕದಡಿದ ಕೆಸರು ಕೂರುತ್ತದೆ. ಬಿಸಿಲಿಲ್ಲದೆ ಯಾವ ಗಿಡ ಬದುಕೀತು? ಸಿಗಡಿಯ ಜೊತೆಗೆ ಚೀಲದ ತುಂಬ ಮರಿಮೀನು. ಅದು ಒಣಗಿ ಕೋಳಿಮೇವಾಗುತ್ತದೆ. ಇಲ್ಲಿ ಕೂತಿರುವ ವ್ಯಾಪಾರಿಗಳಿಗೆ ನಾನು ಹೇಳಬೇಕೇ? ಬಡ್ಡಿ ಬಿಟ್ಟು ಅಸಲನ್ನೇ ತಿನ್ನುವ ವ್ಯವಹಾರವಿದು.

1952ರಲ್ಲಿ ನಾರ್ವೆ ದೇಶದೊಡನೆ ಒಪ್ಪಂದವಾದಾಗ, ಕೊಲ್ಲಂ ಬಳಿಯ ಬಡ ಬೆಸ್ತರ ಏಳಿಗೆಯೇ ಅದರ ಉದ್ದೇಶವೆಂದರು. ಉದ್ದೇಶ ಒಳ್ಳೆಯದೇ. ಆದರೆ ಸಿಗಡಿಗೆ ಅಮೆರಿಕದಲ್ಲಿ ಡಾಲರಿನ ಬೆಲೆ ಬಂದೊಡನೆ ಹಣವುಳ್ಳವರು ಕಡಲಿಗಿಳಿದರು. ಟ್ರಾಲ್ ದೋಣಿ ತೀರದಿಂದ ತೀರಕ್ಕೆ ಹಬ್ಬಿತು.

ಕಾನೂನು ಇಲ್ಲವೇ? ಇದೆ. ತಮಿಳುನಾಡಿನ 1983ರ ಕಾಯ್ದೆಯ ಪ್ರಕಾರ ದಡದಿಂದ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರು, ನಾಡದೋಣಿಯವರಿಗೇ ಮೀಸಲು. ನಮ್ಮ ರಾಜ್ಯವೂ 1986ರಲ್ಲಿ ಇಂಥದೇ ಕಾಯ್ದೆ ಮಾಡಿತು. ಕಾಗದದ ಗೆರೆ ನೀರಿನಲ್ಲಿ ಕಾಣುವುದಿಲ್ಲವೆಂಬುದು ಹಳೆಯ ನೆಪ. 2017ರಲ್ಲಿ ಶ್ರೀಲಂಕೆ ತಳ ಕೆರೆಯುವ ಬಲೆಯನ್ನೇ ನಿಷೇಧಿಸಿತು. ಯಾಳ್ಪಾಣದ ಬೆಸ್ತರೂ ತಮಿಳರೇ. ಅವರ ಬಲೆಗಳನ್ನು ಹರಿಯುವುದು ಈಚೆ ದಡದ ದೋಣಿಗಳು. ಇದನ್ನು ದೇಶಾಭಿಮಾನದ ಜಗಳವನ್ನಾಗಿ ಮಾಡುವವರನ್ನು ನಂಬಬೇಡಿ.

2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಕಡಲಹಸುವಿನ ರಕ್ಷಣೆಗೆಂದು ಘೋಷಿಸಿದರು. ಸಂತೋಷ. ಆದರೆ ಟ್ರಾಲ್ ದೋಣಿಯಲ್ಲಿ ದುಡಿಯುವ ಕೂಲಿಯವನ ಗತಿಯೇನು? ಅವನು ಮಾಲೀಕನಲ್ಲ, ಹಿಡಿದ ಮೀನಿನ ಪಾಲಿನಿಂದ ಅವನ ಒಲೆ ಉರಿಯಬೇಕು. 2017ರಲ್ಲಿ ಟ್ರಾಲ್ ಬಿಟ್ಟು ಆಳಸಮುದ್ರಕ್ಕೆ ಹೋಗುವವರಿಗೆ ಸಹಾಯಧನದ ಯೋಜನೆ ಬಂತು. ಒಂದೊಂದು ದೋಣಿಗೆ ಎಂಬತ್ತು ಲಕ್ಷ! ಸಹಾಯಧನ ಕಳೆದರೂ ಉಳಿಯುವ ಸಾಲವನ್ನು ಯಾವ ಕೂಲಿಯವನು ಹೊತ್ತಾನು?

ಆದ್ದರಿಂದ ಈ ಹೊತ್ತಿನ ಠರಾವಿನಲ್ಲಿ ಎರಡು ಮಾತುಗಳನ್ನು ಸೇರಿಸಿರೆಂದು ಕೇಳುತ್ತೇನೆ. ತೀರದ ಮೀಸಲು ನೀರಿಗೆ ಕಾವಲು ಹಾಕಬೇಕು. ಹೊಸ ದೋಣಿಗಳು ದುಡಿಯುವವರ ಸಹಕಾರಿ ಸಂಘದ ಹೆಸರಿನಲ್ಲಿರಬೇಕು.