ಕಣ್ಣಿಗೊಂದು ಗಳಿಗೆ, ಕಿವಿಗೊಂದು ಗಳಿಗೆ



ಡಬ್ಬಿಂಗ್ ಹೊಂದದ ಚಲನಚಿತ್ರವನ್ನು ತಾವು ನೋಡಿರಬಹುದು. ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ಹತ್ತು ನಿಮಿಷಕ್ಕೇ ತಲೆ ಸಿಡಿಯುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಎದುರಿನವರ ಮಾತು ಹೀಗೆಯೇ ತಲುಪುತ್ತಿರಬಹುದೆಂದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವಿವರಿಸಿದರು.

ಮಾತನ್ನು ನಾವು ಕಿವಿಯೊಂದರಿಂದಲೇ ಗ್ರಹಿಸುವುದಿಲ್ಲ. ‘ಬ’ ಎಂಬ ಧ್ವನಿಗೆ ‘ಗ’ ಎನ್ನುತ್ತಿರುವ ಬಾಯಿಯ ದೃಶ್ಯವನ್ನು ಜೋಡಿಸಿದರೆ ಬಹುಮಂದಿಗೆ ‘ಡ’ ಎಂದು ಕೇಳಿಸುತ್ತದೆ. ಇದನ್ನು ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ 1976ರಲ್ಲಿಯೇ ತೋರಿಸಿದ್ದರು. ಅತ್ಯಲ್ಪ ಅಂತರದಲ್ಲಿ ಬಂದ ದೃಶ್ಯವನ್ನೂ ಧ್ವನಿಯನ್ನೂ ಮೆದುಳು ಒಂದೇ ಘಟನೆಯೆಂದು ಬೆಸೆಯುತ್ತದೆ. ಮಗು ಬೆಳೆದಂತೆ ಈ ಅಂತರದ ಕಿಂಡಿ ಕಿರಿದಾಗುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ, ಅದರಲ್ಲಿಯೂ ಮಾತಿನ ವಿಷಯದಲ್ಲಿ, ಅದು ಅಗಲವಾಗಿಯೇ ಉಳಿದಿರುವುದು ಕಂಡುಬಂದಿದೆ. ಆಗ ಯಾವ ಧ್ವನಿ ಯಾವ ತುಟಿಯದೆಂಬುದು ಕಲಸಿಹೋಗುತ್ತದೆ. ಕಣ್ಣು ಸರಿಯಿದೆ, ಕಿವಿ ಸರಿಯಿದೆ, ಇವೆರಡರ ಬೆಸುಗೆ ಮಾತ್ರ ಸಡಿಲ. ಎಲ್ಲ ಮಕ್ಕಳಲ್ಲಿಯೂ ಇದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂಬುದನ್ನೂ ಹೇಳಬೇಕು.

ನಮ್ಮ ಗ್ರಾಮಗಳಲ್ಲಿ ಇಂತಹ ಮಗುವನ್ನು ಹಠಮಾರಿಯೆಂದೋ ಕಿವುಡನೆಂದೋ ಕರೆದು ವರ್ಷಗಳನ್ನು ಕಳೆದುಬಿಡುತ್ತೇವೆ. ನಮ್ಮ ಪಂಚಾಯಿತಿಯ ವಿಕಲಚೇತನರ ಸಮನ್ವಯ ಗ್ರಾಮಸಭೆಯಲ್ಲಿ ಧ್ವನಿವರ್ಧಕ ಮೊಳಗಿದೊಡನೆ ಬಾಲಕನೊಬ್ಬ ಕಿವಿ ಮುಚ್ಚಿಕೊಂಡು ಹೊರಗೋಡಿದ. ತಾಯಿಯೂ ಅವನ ಹಿಂದೆಯೇ ಹೋದರು, ಮರಳಿ ಬರಲಿಲ್ಲ. ಅಂಥವರಿಗಾಗಿಯೇ ಕರೆದ ಸಭೆ ಅದು! ಧ್ವನಿವರ್ಧಕದ ಬಾಡಿಗೆ ಬಿಲ್ಲಿಗೆ ಸಹಿ ಹಾಕಿದವನು ನಾನೇ.

ಆದುದರಿಂದ ಅಂಗನವಾಡಿ ಕಾರ್ಯಕರ್ತೆಯರಲ್ಲಿ ವಿನಂತಿ. ಮಗುವಿನೊಡನೆ ಮಾತನಾಡುವಾಗ ಟಿ.ವಿ., ಮೊಬೈಲ್ ಆರಿಸಿರಿ. ಒಂದು ಸಲಕ್ಕೆ ಒಂದೇ ಚಿಕ್ಕ ವಾಕ್ಯ ಹೇಳಿ, ಉತ್ತರಕ್ಕೆ ಕಾಯಿರಿ. ಗದ್ದ ಹಿಡಿದು ಮುಖವನ್ನು ತಮ್ಮತ್ತ ತಿರುಗಿಸಬೇಡಿರಿ. ಅದು ಕಣ್ಣು ತಪ್ಪಿಸುತ್ತಿರುವುದು ಕಿವಿಗೊಡುವುದಕ್ಕಾಗಿಯೇ ಇರಬಹುದು.

ತಪಾಸಣೆಗೆ ನಾವು ದೂರ ಹೋಗಬೇಕಾಗಿಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಆಟಿಸಂ ಪರೀಕ್ಷೆ, ವಾಕ್ ಚಿಕಿತ್ಸೆ ಎಲ್ಲವೂ ಉಂಟು. ಶ್ರವಣ ಪರೀಕ್ಷೆಯಲ್ಲಿ ಕಿವಿ ಸರಿಯಿದೆಯೆಂದು ಬಂದರೆ ಅಲ್ಲಿಗೇ ನಿಲ್ಲಿಸದೆ ಮುಂದಿನ ಪರೀಕ್ಷೆಗಳನ್ನೂ ಮಾಡಿಸಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸಲು ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು.

ನಮ್ಮ ಮುಂದಿನ ಸಮನ್ವಯ ಗ್ರಾಮಸಭೆ ಧ್ವನಿವರ್ಧಕವಿಲ್ಲದೆ ನಡೆಯಲಿದೆ. ಪಕ್ಕದ ಕೊಠಡಿಯೊಂದನ್ನು ಸದ್ದಿಲ್ಲದೆ ಖಾಲಿ ಇರಿಸುತ್ತೇವೆ. ಆ ತಾಯಿಗೆ ಈ ವಿಷಯವನ್ನು ಆಶಾ ಕಾರ್ಯಕರ್ತೆಯ ಮೂಲಕ ಈಗಾಗಲೇ ತಿಳಿಸಲಾಗಿದೆ.