ಕೋವಿಯ ದುರ್ಬೀನನ್ನು ಆರಿಸುವ ಕ್ರಮ



ದುರ್ಬೀನು ನೋಟವನ್ನು ಹೆಚ್ಚಿಸುವುದೇ ವಿನಾ ಕೋವಿಯ ಬಲವನ್ನಲ್ಲ. ಚರೆಕೋವಿಯ ಏಟು ಸುಮಾರು 40 ಗಜದಾಚೆ ನೆಚ್ಚತಕ್ಕುದಲ್ಲವಾದ್ದರಿಂದ ಅದಕ್ಕೆ ದುರ್ಬೀನು ವ್ಯರ್ಥವೆಚ್ಚ. ಒಂಟಿಗುಂಡು ಹಾರಿಸುವುದಾದರೆ ಮಾತ್ರ ಉಪಯುಕ್ತ. ಪೊದೆಗಾಡಿನಲ್ಲಿ ದೊಡ್ಡ ಮೃಗಕ್ಕೆ ಹಿಡಿಯುವ ರೈಫಲಿಗೆ 1ರಿಂದ 4 ಪಟ್ಟು ಹಿಗ್ಗಿಸಿ ತೋರಿಸುವುದು ಸಾಕು. ಪಟ್ಟು ಹೆಚ್ಚಿದಷ್ಟೂ ಕಾಣುವ ಹರವು ಕಿರಿದಾಗುವುದು. ಒದೆತಕ್ಕೆ ಹುಬ್ಬು ಸೀಳದಂತೆ ಕಣ್ಣಿಗೂ ಗಾಜಿಗೂ 3½ ಅಂಗುಲವಾದರೂ ಅಂತರವಿರಬೇಕು.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಮ್ಮಲ್ಲಿ ಬೇಟೆಯು ನಿಷಿದ್ಧ. ಪೈರು ಕೆಡಿಸುವ ಕಾಡುಹಂದಿಯನ್ನೂ ಅಧಿಕಾರಿಗಳ ಅಪ್ಪಣೆಯಿಲ್ಲದೆ ಕೊಲ್ಲಕೂಡದು. ಅಪ್ಪಣೆಯಿದ್ದರೂ, ಮಬ್ಬಿನಲ್ಲಿ ಅಲುಗಿದುದನ್ನು ಕೋವಿಯ ದುರ್ಬೀನಿನಿಂದ ಪರೀಕ್ಷಿಸಬೇಡಿರಿ; ಕಣ್ಣು ತಿರುಗಿದತ್ತಲೇ ನಳಿಗೆಯೂ ತಿರುಗಿರುತ್ತದೆ. ಅಲ್ಲಿರುವುದು ನಿಮ್ಮ ಕಾವಲಿನ ಆಳೇ ಆಗಿರಬಹುದು. ಕೈದುರ್ಬೀನಿನಿಂದ ಮೊದಲು ಗುರುತಿಸಿರಿ.