ಕ್ಷಮೆಯ ನಂತರದ ಕೆಲಸ
(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ಪ್ರಬೋಧನೆ)



ಇಂದು, ಅಕ್ಟೋಬರ್ 4ರಂದು, ನಾವು ಸಂತ ಫ್ರಾನ್ಸಿಸರ ಹಬ್ಬವನ್ನು ಆಚರಿಸುತ್ತಿದ್ದೇವೆ. ನೀರನ್ನು ಸಹೋದರಿ ಎಂದು ಕರೆದ ಈ ಸಂತರನ್ನು ಜಗದ್ಗುರು ಎರಡನೇ ಜಾನ್ ಪಾಲರು 1979ರಲ್ಲಿ ಪರಿಸರ ಕಾಳಜಿಯ ಪಾಲಕರೆಂದು ಘೋಷಿಸಿದರು. ಆದುದರಿಂದ ಒಂದು ಸಮುದ್ರದ ಕಥೆಯ ಮೂಲಕ ನಮ್ಮ ಪಶ್ಚಾತ್ತಾಪದ ಬಗ್ಗೆ ಧ್ಯಾನಿಸೋಣ.

ಯೂರೋಪಿನ ಉತ್ತರದಲ್ಲಿ ಬಾಲ್ಟಿಕ್ ಸಮುದ್ರವಿದೆ. ಅದರ ದಡದಲ್ಲಿ 9 ದೇಶಗಳಿವೆ. ಆ ದೇಶಗಳ ಹೊಲಗಳ ಗೊಬ್ಬರ, ಪಟ್ಟಣಗಳ ಕೊಳಚೆ ದಶಕಗಟ್ಟಲೆ ನದಿಗಳ ಮೂಲಕ ಅದನ್ನು ಸೇರಿದವು. ಬೆಳೆಗೆ ಆಹಾರವಾಗುವ ಸಾರಜನಕ, ರಂಜಕಗಳೇ ನೀರಿನಲ್ಲಿ ಪಾಚಿಗೂ ಆಹಾರವಾದವು. ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯಿತು. ಕೊಳೆಯುವಾಗ ಆಳದ ನೀರಿನ ಆಮ್ಲಜನಕವನ್ನು ಹೀರಿಕೊಂಡಿತು. ತಳದ ವಿಶಾಲ ಪ್ರದೇಶ ಮೀನು ಬದುಕಲಾರದ ಜಾಗವಾಯಿತು.

1974ರಲ್ಲಿ ಸುತ್ತಲಿನ ದೇಶಗಳು ಹೆಲ್ಸಿಂಕಿಯಲ್ಲಿ ಒಪ್ಪಂದ ಮಾಡಿಕೊಂಡವು. ಮುಂದೆ ಕೊಳಚೆನೀರಿನ ಶುದ್ಧೀಕರಣ ಹೆಚ್ಚಿತು. 1980ರ ದಶಕಕ್ಕೆ ಹೋಲಿಸಿದರೆ ಸಮುದ್ರ ಸೇರುವ ರಂಜಕ ಈಗ ಸುಮಾರು ಅರ್ಧಕ್ಕೆ ಇಳಿದಿದೆ. ಆದರೂ ಸಮುದ್ರ ಗುಣವಾಗಿಲ್ಲ. ಏಕೆ? ಸಾರಜನಕದ ಒಂದು ಪಾಲನ್ನು ಸೂಕ್ಷ್ಮಾಣುಗಳು ಗಾಳಿಗೆ ಹಿಂದಿರುಗಿಸುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಅದು ತಳದ ಕೆಸರಿನಲ್ಲಿ ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿರುತ್ತದೆ. ಆಮ್ಲಜನಕ ಇಲ್ಲವಾದಾಗ ಬಿಡಿಸಿಕೊಂಡು ಮೇಲೆ ಬಂದು ಮತ್ತೆ ಪಾಚಿಯನ್ನು ಬೆಳೆಸುತ್ತದೆ. ಹೊರಗಿನ ಸಮುದ್ರಕ್ಕೆ ಇರುವ ಜಲಸಂಧಿಗಳೋ ಇಕ್ಕಟ್ಟು. ನೀರು ಬದಲಾಗಲು ಸುಮಾರು 30 ವರ್ಷ ಬೇಕು. ತಾತ ಹಾಕಿದ ಗೊಬ್ಬರಕ್ಕೆ ಮೊಮ್ಮಗ ಬೆಲೆ ತೆರುತ್ತಿದ್ದಾನೆ.

ಪ್ರಿಯರೇ, ಪಾಪದ ಕಥೆಯೂ ಹೀಗೆಯೇ ಅಲ್ಲವೇ? ಪಾಪನಿವೇದನೆಯಲ್ಲಿ ದೇವರು ನಮ್ಮನ್ನು ಪೂರ್ಣವಾಗಿ ಕ್ಷಮಿಸುತ್ತಾರೆ. ಆದರೆ ಪಾಪವು ಮಾಡಿದ ಹಾನಿಯನ್ನು ಸರಿಪಡಿಸುವ ಹೊಣೆ ನಮ್ಮದಾಗಿಯೇ ಉಳಿಯುತ್ತದೆ ಎಂದು ಧರ್ಮಸಭೆ ಬೋಧಿಸುತ್ತದೆ. "ಕುಡಿತ ಬಿಟ್ಟು ಆರು ತಿಂಗಳಾಯಿತು ಫಾದರ್, ಮನೆಯಲ್ಲಿ ಇನ್ನೂ ನಂಬುವುದಿಲ್ಲ" ಎಂದು ಕೆಲವರು ನೊಂದು ಹೇಳುವುದುಂಟು. ಹತ್ತು ವರ್ಷ ಹೆದರಿ ಬೆಳೆದ ಮಗುವಿನ ಮನಸ್ಸಿನ ತಳದಲ್ಲಿ ಆ ಭಯ ಇನ್ನೂ ಇದೆ. ಬಾಗಿಲು ಜೋರಾಗಿ ಬಡಿದರೂ ಸಾಕು, ಮೇಲೆ ಬರುತ್ತದೆ. ಆಗ ಸಿಟ್ಟಾಗಬೇಡಿ. ಬಿಟ್ಟು ಪ್ರಯೋಜನವೇನೆಂದು ಮತ್ತೆ ಬಾಟಲಿಗೆ ಕೈಹಾಕಬೇಡಿ. ಹೊಸ ಕೊಳಚೆ ನಿಂತರೆ ಮಾತ್ರ ಹಳೆಯದು ನಿಧಾನವಾಗಿ ಹೂತುಹೋದೀತು.

ಜಕ್ಕಾಯ ಯೇಸುಸ್ವಾಮಿಯ ಮುಂದೆ ಬರೀ ಕಣ್ಣೀರಿಡಲಿಲ್ಲ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಸಿದ್ಧನಾದ. ಸಂತ ಫ್ರಾನ್ಸಿಸರು ಮನಪರಿವರ್ತನೆಯ ನಂತರ ಪಾಳುಬಿದ್ದ ಸಂತ ದಮಿಯಾನೊ ದೇವಾಲಯಕ್ಕೆ ತಾವೇ ಕಲ್ಲು ಹೊತ್ತು ದುರಸ್ತಿ ಮಾಡಿದರು. ಒಂದೊಂದೇ ಕಲ್ಲು!

ಭರವಸೆಯೂ ಇದೆ. ಸ್ಟಾಕ್‌ಹೋಮ್ ನಗರದ ಕೊಳಚೆಯಿಂದ 1970ರ ದಶಕದಲ್ಲಿ ರಂಜಕವನ್ನು ತೆಗೆಯತೊಡಗಿದ ಮೇಲೆ ಹತ್ತಿರದ ದ್ವೀಪಗಳ ನಡುವಿನ ನೀರು ವರ್ಷಗಳು ಕಳೆದಂತೆ ತಿಳಿಯಾಯಿತು. ನಮ್ಮ ಹೊಲಗಳ ಯೂರಿಯಾ, ಡಿಎಪಿಯಲ್ಲಿರುವುದೂ ಅದೇ ಸಾರಜನಕ, ಅದೇ ರಂಜಕ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕೋಣ.

ಈ ಬಲಿಪೂಜೆಯಲ್ಲಿ ಪ್ರಾರ್ಥಿಸೋಣ: ಪ್ರಭುವೇ, ನೀವು ಕ್ಷಮಿಸಿದ್ದೀರಿ. ನಾವು ಕೆಡಿಸಿದ್ದನ್ನು ಸರಿಪಡಿಸುವ ತಾಳ್ಮೆಯನ್ನೂ ನಮಗೆ ಕೊಡಿ. ಆಮೆನ್.